ಹೈಸ್ಕೂಲ್ ಮಕ್ಕಳ ಸೆಲ್ಫ್ ಪೋರ್ಟ್ರೇಟ್‌ನಲ್ಲಿ ಹೋಲಿಕೆ ಬರಿಸೋದು ಹೇಗೆ? ಫೋಟೋ ಮೇಲೆ ಗ್ರಿಡ್ ಹಾಕಿಸಲಾ? ಮಕ್ಕಳು ಮುಖ ತೋರಿಸೋಕೇ ನಾಚುತ್ತಾರೆ, ಅದಕ್ಕೇನು ಮಾಡಲಿ?

ಬೇಡ. ನಾನು ಹಾಕಿಸಿ ಕೆಟ್ಟಿದ್ದೇನೆ.

ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷ, ಒಂಬತ್ತನೇ ಕ್ಲಾಸು. ಎಲ್ಲರ ಪಾಸ್‌ಪೋರ್ಟ್ ಫೋಟೋ ದೊಡ್ಡದು ಮಾಡಿಸಿ, ಚೌಕ ಚೌಕವಾಗಿ ಗೆರೆ ಹಾಕಿಸಿ, ಒಂದೊಂದೇ ಚೌಕ ನೋಡಿ ಹಾಳೆಗೆ ಇಳಿಸಲು ಹೇಳಿದೆ. ಹೋಲಿಕೆ ಚೆನ್ನಾಗೇ ಬಂತು. ಒಬ್ಬಳು ಮಾತ್ರ ಒಂದು ಹುಬ್ಬಿನ ಮಧ್ಯೆ ಸ್ವಲ್ಪ ಜಾಗ ಖಾಲಿ ಬಿಟ್ಟಿದ್ದಳು. ಫೋಟೋ ನೋಡಿದೆ, ಹುಬ್ಬು ತುಂಬಿತ್ತು. ಹಾಳೆ ನೋಡಿದೆ, ತುಂಬಿರಲಿಲ್ಲ. ಅವಳ ಪೆನ್ಸಿಲ್ ತಗೊಂಡು ಮೂರ್ನಾಲ್ಕು ಗೆರೆ ಎಳೆದು, "ನೋಡು, ಈಗ ಸರಿಯಾಯ್ತು" ಅಂದೆ. "ಹೂಂ ಸರ್" ಅಂದಳು. ಆಮೇಲೆ ವರ್ಷ ಪೂರ್ತಿ ಅವಳು ಮುಖ ಬಿಡಿಸಲೇ ಇಲ್ಲ. ಬರೀ ಹೂವು, ಎಲೆ.

ಐಡಿ ಕಾರ್ಡ್ ಹಂಚುವಾಗ ಅವಳ ಸರದಿ ಬಂತು. ಕಾರ್ಡಿನಲ್ಲಿ ಅದೇ ಫೋಟೋ. ತಲೆ ಎತ್ತಿ ನೋಡಿದರೆ, ಹುಬ್ಬನ್ನು ಸೀಳಿಕೊಂಡು ಹೋದ ಹಳೇ ಗಾಯದ ಗುರುತು! ಫೋಟೋ ತೆಗೆದವರು ಅದನ್ನು ಅಳಿಸಿ ಹುಬ್ಬು ತುಂಬಿಸಿದ್ದರು. ಅವಳು ಗ್ರಿಡ್ ಬಿಟ್ಟು ತನ್ನ ಮುಖ ಬಿಡಿಸಿದ್ದಳು. ಅವತ್ತು ಅವಳ ಮುಖ ನನ್ನಿಂದ ಒಂದು ಮೊಳ ದೂರದಲ್ಲಿತ್ತು. ನಾನು ಫೋಟೋ ನೋಡಿದೆ, ಹಾಳೆ ನೋಡಿದೆ, ಅವಳನ್ನು ನೋಡಲಿಲ್ಲ. ಗ್ರಿಡ್ ಇದ್ದರೆ ಹಾಗೇ ಆಗುತ್ತೆ. ಮೇಷ್ಟ್ರೂ ಚೌಕ ಎಣಿಸುತ್ತಾ ಕೂರುತ್ತಾರೆ.

ಹಾಗಾಗಿ ಹೋಲಿಕೆಯ ಚಿಂತೆ ಬಿಡಿ, ಅದಕ್ಕೆ ಮಾರ್ಕ್ಸ್ ಕೂಡ ಇಡಬೇಡಿ. ಕನ್ನಡಿ ಕೊಡಿ. ಮೊಬೈಲ್ ಸೆಲ್ಫಿಯೂ ಬೇಡ, ಹತ್ತಿರದಿಂದ ತೆಗೆದರೆ ಮೂಗು ದಪ್ಪ ಬರುತ್ತೆ. ಜರ್ಮನಿಯ ಹೆಸರಾಂತ ಚಿತ್ರಕಾರ ಡ್ಯೂರರ್ 1484ರಲ್ಲಿ, 13ರ ವಯಸ್ಸಿಗೆ, ಕನ್ನಡಿ ನೋಡಿಕೊಂಡೇ ತನ್ನನ್ನು ಬಿಡಿಸಿಕೊಂಡಿದ್ದು. ಅದೂ ಬೆಳ್ಳಿ ಕಡ್ಡಿಯಲ್ಲಿ, ಆ ಗೆರೆಯನ್ನು ರಬ್ಬರ್ ಹಾಕಿ ಅಳಿಸೋಕೆ ಬರಲ್ಲ.

ಮಕ್ಕಳು ಮುಖ ತೋರಿಸೋಕೇ ನಾಚುತ್ತಾರೆ ಅಂದಿದ್ದೀರಲ್ಲ, ಅದಕ್ಕೆ ಮೊದಲ ದಿನ ಹಾಳೆ ನೋಡದೆ, ಕನ್ನಡಿ ಮಾತ್ರ ನೋಡುತ್ತಾ ಐದು ನಿಮಿಷ ಬಿಡಿಸಲು ಹೇಳಿ. ಎಲ್ಲರದ್ದೂ ವಿಚಿತ್ರವಾಗಿ ಬರುತ್ತೆ. ಕ್ಲಾಸಿಗೆ ಕ್ಲಾಸೇ ನಗುತ್ತೆ, ಅಲ್ಲಿಗೆ ಅರ್ಧ ನಾಚಿಕೆ ಹೋಯ್ತು. ಆಮೇಲೆ ಪೆನ್ಸಿಲಿನಿಂದ ಅಳತೆ ತೆಗೆಸಿ. ನೆತ್ತಿಯಿಂದ ಗಲ್ಲಕ್ಕೆ ಎಷ್ಟೋ, ಅದರ ನಡುವೆ ಸುಮಾರಾಗಿ ಕಣ್ಣು ಬರುತ್ತೆ. ಹೆಚ್ಚಿನವರು ಕಣ್ಣನ್ನು ಹಣೆ ಮೇಲೆ ಕೂರಿಸಿರುತ್ತಾರೆ. ನೀವು ಹೇಳಬೇಡಿ, ಅವರೇ ಅಳೆದು ಕಂಡುಕೊಳ್ಳಲಿ. ಏನಾದರೂ ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸಿ. ಮಕ್ಕಳ ಹಾಳೆಗೆ ನಿಮ್ಮ ಪೆನ್ಸಿಲ್ ತಾಕಬಾರದು.

ದೊಡ್ಡ ಕನ್ನಡಿ ಎಲ್ಲಿಂದ ತರೋದು ಅಂತ ಯೋಚಿಸಬೇಡಿ. ಒಂದು ಕಣ್ಣು ಮುಚ್ಚಿ ಕನ್ನಡಿ ಮೇಲೇ ಮುಖದ ಸುತ್ತ ಗೆರೆ ಎಳೆದು ಅಳೆದು ನೋಡಿ, ನಿಜವಾದ ಮುಖದ ಅರ್ಧದಷ್ಟೇ ಇರುತ್ತೆ. ಮಕ್ಕಳು ಇದನ್ನು ನಂಬೋದೇ ಇಲ್ಲ, ಸ್ಕೇಲ್ ಹಿಡಿದು ಮತ್ತೆ ಮತ್ತೆ ಅಳೆಯುತ್ತಾರೆ. ಅಂದರೆ ಅಂಗೈಗಿಂತ ಚೂರು ದೊಡ್ಡ ಕನ್ನಡಿ ಸಾಕು. ಅದನ್ನು ಕೈಯಲ್ಲಿ ಹಿಡಿಯಲು ಬಿಡಬೇಡಿ, ಅಲುಗಾಡುತ್ತೆ. ಪುಸ್ತಕಗಳಿಗೆ ಒರಗಿಸಿ ಟೇಪ್ ಹಾಕಿ.