ದಿನಕ್ಕೆ 20 ಇಂಗ್ಲಿಷ್ ಪದ ಬೇಡ, 3 ಸಾಕು

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ ಮೇಡಂ. ದಿನಾ 20 ಕಷ್ಟದ ಇಂಗ್ಲಿಷ್ ಪದಗಳನ್ನು ಕನ್ನಡ ಅರ್ಥದ ಜೊತೆ ಬಾಯಿಪಾಠ ಮಾಡುತ್ತೇನೆ. ವಾರದಲ್ಲಿ ಮರೆತುಹೋಗುತ್ತೆ. ನೆನಪಿದ್ದರೂ ಬಳಸಲು ಬರಲ್ಲ.
– ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೋ! ತಪ್ಪು ನಿನ್ನದಲ್ಲಮ್ಮ, ಆ ಪದಪಟ್ಟಿಯದು. ಮಿಟಿಗೇಟ್, ಅಲೀವಿಯೇಟ್, ಕರ್ಟೇಲ್ ಮೂರಕ್ಕೂ ಅದರಲ್ಲಿ ‘ಕಡಿಮೆ ಮಾಡು’ ಎಂದೇ ಇರುತ್ತದೆ. ಅದನ್ನು ನಂಬಿದ ಮಕ್ಕಳು ‘ತೂಕ ಮಿಟಿಗೇಟ್ ಮಾಡಬೇಕು’ ಎಂದು ಬರೆಯುತ್ತಾರೆ. ಓದಿ ಸಂಕಟವಾಗುತ್ತದೆ. ಕೆಟ್ಟದ್ದರ ಪೆಟ್ಟು ತಗ್ಗಿಸುವಾಗ ಬರುವ ಪದ ಮಿಟಿಗೇಟ್. ಕೆರೆಯ ಹೂಳೆತ್ತಿದರೆ ನಮ್ಮ ಜಿಲ್ಲೆಯಲ್ಲಿ ಬರದ ಪರಿಣಾಮ ಮಿಟಿಗೇಟ್ ಆಗುತ್ತದೆ. ಅಲೀವಿಯೇಟ್ ನೋವಿಗೆ, ಬಡತನಕ್ಕೆ. ಕರ್ಟೇಲ್ ಅಂದರೆ ಮೊಟಕು ಮಾಡುವುದು. ಖರ್ಚನ್ನು, ಸ್ವಾತಂತ್ರ್ಯವನ್ನು.

ನಿಮ್ಮೂರಿನ ಮಾತನ್ನೇ ತಗೋ. ‘ಹುಳ ಹಣ್ಣಾಗಿದೆ’ ಅಂದರೆ ರೇಷ್ಮೆ ಹುಳ ಗೂಡು ಕಟ್ಟಲು ಸಿದ್ಧ, ಚಂದ್ರಂಕಿಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ‘ಅಲೆದು ಅಲೆದು ಹಣ್ಣಾದೆ’ ಅಂದರೆ ಸುಸ್ತು. ಹಣ್ಣು ಅಂದರೆ ಫ್ರೂಟ್ ಎಂದಷ್ಟೇ ಕಲಿತವರಿಗೆ ಇವೆರಡೂ ತಿಳಿಯುವುದಿಲ್ಲ, ಅಲ್ವಾ?

ಹಾಗಾಗಿ ದಿನಕ್ಕೆ 3 ಪದ ಸಾಕು. ಪ್ರತಿ ಪದವನ್ನು ಅದರ ಜೊತೆಗಾರ ಪದದೊಂದಿಗೇ ಬರೆದುಕೋ. ನಿಮ್ಮ ಮನೆಯ ವಿಷಯವಾಗಿ ಒಂದು ವಾಕ್ಯ ಕಟ್ಟು. ಮಾರನೇ ದಿನ, ಮೂರು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು, ಅರ್ಥ ಮುಚ್ಚಿಟ್ಟು ನೆನಪಿಸಿಕೋ. ಮುಚ್ಚಲೇಬೇಕು. ಸುಮ್ನೆ ಕಣ್ಣಾಡಿಸಿದರೆ ಗೊತ್ತಿದೆ ಅನ್ನಿಸುತ್ತೆ, ಅಷ್ಟೇ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಮೊದಲ ದಿನವೇ ಹೆಚ್ಚಿನದು ಜಾರಿಹೋಗುತ್ತದೆ ಎಂದು 1885ರಲ್ಲೇ ತೋರಿಸಿದರು. ಬಳಸದ ಪದವೂ ನಿನಗೆ ಅರ್ಥವಿಲ್ಲದ ಅಕ್ಷರವೇ.

ಪ್ರಶ್ನೆ: ಯಾವ ಪದಗಳಿಂದ ಶುರು ಮಾಡಲಿ?
ಉತ್ತರ: ನ್ಯೂಜಿಲೆಂಡಿನ ಭಾಷಾತಜ್ಞೆ ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಿಂದ. ಕಾಲೇಜು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳು, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು, ಅದರಲ್ಲಿವೆ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ದೊಡ್ಡ ದೊಡ್ಡ ಪದ ಬಳಸಲೇ?
ಉತ್ತರ: ಬೇಡ.

ಪ್ರಶ್ನೆ: ಒಂದು ಕೋರ್ಸ್‌ನಲ್ಲಿ 30 ದಿನದಲ್ಲಿ 3,000 ಪದ ಕಲಿಸುತ್ತಾರಂತೆ. ಮಗನನ್ನು ಸೇರಿಸಲೇ? ನೆನಪಿನ ಶಕ್ತಿಗೆ ಪುಡಿಯನ್ನೂ ಕೊಡುತ್ತಾರಂತೆ.
ಉತ್ತರ: ಸೇರಿಸಬೇಡಿ. ಪುಡಿಯನ್ನಂತೂ ಮನೆಗೆ ತರಬೇಡಿ. ಅದರಲ್ಲಿ ಏನಿದೆ ಎಂದು ಕೊಡುವವರೂ ಹೇಳುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹೆತ್ತವರ ಭಯವನ್ನೇ ದುಡ್ಡು ಮಾಡಿಕೊಳ್ಳುವ ಜನ ಅವರು. ಆ ದುಡ್ಡಿಗೆ ಉದಾಹರಣೆ ವಾಕ್ಯಗಳಿರುವ ಒಂದು ಒಳ್ಳೆಯ ಡಿಕ್ಷನರಿ ಕೊಡಿಸಿ.