ಓದುಗರ ಪ್ರಶ್ನೆ: ವರ್ಷಗಟ್ಟಲೆ ನಿಂತುಹೋದ ಗಾರ್ಡನ್ ಟ್ರ್ಯಾಕ್ಟರ್

ಹುಲ್ಲು ಕತ್ತರಿಸುವ, ಮಣ್ಣು ಹದಮಾಡುವ, ಪುಟ್ಟ ಗಾಡಿ ಎಳೆಯುವ ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳ ಬಗ್ಗೆ ಬಂದ ಪತ್ರಗಳಿಗೆ ಈ ಬಾರಿಯ ಅಂಕಣವನ್ನು ಮೀಸಲಿಟ್ಟಿದ್ದೇನೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಕಬ್ ಕೆಡೆಟ್ 1961ರಲ್ಲಿ, ಜಾನ್ ಡಿಯರ್ 110 ಎಂಬ ಮಾದರಿ 1963ರಲ್ಲಿ ಬಂದವು. ಆ ತಲೆಮಾರಿನ ಅನೇಕ ಯಂತ್ರಗಳಲ್ಲಿದ್ದ ಕೊಹ್ಲರ್ ಕೆ ಸರಣಿಯ ಒಂಟಿ ಸಿಲಿಂಡರ್ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಸಿಲಿಂಡರ್ ಸವೆದರೆ ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ತುಸು ಕೊರೆಸಿ ಅಗಲಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ ಕೂರಿಸಬಹುದು. ಬಿಚ್ಚಿ ಸರಿಪಡಿಸಿ ಮತ್ತೆ ಬಳಸಲೆಂದೇ ಮಾಡಿದ ಯಂತ್ರಗಳಿವು. ಅವು ಹಾಳಾಗುವುದು ವಯಸ್ಸಿನಿಂದಾಗಿ ಅಲ್ಲ, ಹೆಚ್ಚಾಗಿ ನಮ್ಮ ಅವಸರದಿಂದ.

ಪ್ರಶ್ನೆ: ನಮ್ಮ ತಂದೆಯವರು ಬಳಸುತ್ತಿದ್ದ ಟ್ರ್ಯಾಕ್ಟರ್ ಹನ್ನೆರಡು ವರ್ಷಗಳಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಬರುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಎಂಜಿನ್ ಜಾಮ್ ಆಗಿದೆಯೇ? ಬಿಚ್ಚಿಸಿಬಿಡಲೇ?

ಉತ್ತರ: ಮೊದಲು ಕೀಲಿಯನ್ನು ತೆಗೆದಿಡಿ. ಜಾಮ್ ಆದ ಎಂಜಿನ್ನನ್ನು ಸ್ಟಾರ್ಟರಿನ ಬಲದಿಂದ ತಿರುಗಿಸಲು ಹೋದರೆ ಉಳಿಯಬಹುದಾಗಿದ್ದ ಭಾಗಗಳೂ ಮುರಿಯುತ್ತವೆ. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ: ನನ್ನ ಮೊದಲ ಯಂತ್ರದಲ್ಲಿ ಇನ್ನೊಂದೆರಡು ದಿನ ಕಾದಿದ್ದರೆ ಸಾಕಿತ್ತು, ಆದರೆ ನಾನು ಬಲ ಪ್ರಯೋಗಿಸಿ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡನ್ನು ಮುರಿದುಕೊಂಡೆ.

ನಿಜವಾಗಿಯೂ ಹಿಡಿದುಕೊಂಡಿರುವುದು ಎಂಜಿನ್ನೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಗೇರನ್ನು ನ್ಯೂಟ್ರಲ್‌ಗೆ ತನ್ನಿ, ಹುಲ್ಲು ಕತ್ತರಿಸುವ ಡೆಕ್ಕಿನ ಬೆಲ್ಟ್ ಬಿಚ್ಚಿ, ಸ್ಟಾರ್ಟರಿನ ಬೆಲ್ಟ್ ಇದ್ದರೆ ಅದನ್ನೂ ಕಳಚಿ, ಸ್ಪಾರ್ಕ್ ಪ್ಲಗ್ ತೆಗೆದು, ಫ್ಲೈವೀಲನ್ನು (ಎಂಜಿನ್ನಿನ ತುದಿಯಲ್ಲಿರುವ ಭಾರದ ಚಕ್ರ) ಕೈಯಿಂದ ತಿರುಗಿಸಿ ನೋಡಿ. ಸ್ಟಾರ್ಟರಿನ ಬೇರಿಂಗ್ ತುಕ್ಕು ಹಿಡಿದು ಕೂತಿದ್ದರೂ, ಡೆಕ್ಕಿನ ಬ್ಲೇಡ್ ಹಳೆಯ ಒಣಹುಲ್ಲಿಗೆ ಅಂಟಿಕೊಂಡಿದ್ದರೂ ಎಂಜಿನ್ನೇ ಕೆಟ್ಟಂತೆ ಕಾಣುತ್ತದೆ. ಎಂಜಿನ್ನಿನ ಮೇಲಿನ ತಗಡಿನ ಹೊದಿಕೆಯನ್ನೂ ಈಗಲೇ ಬಿಚ್ಚಿ. ಇವು ಗಾಳಿಯಿಂದ ತಣಿಯುವ ಎಂಜಿನ್ನುಗಳು. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಸಿಲಿಂಡರಿನ ರೆಕ್ಕೆಗಳ ನಡುವೆ ಇಲಿಗೂಡು ಸಿಕ್ಕರೆ ಆಶ್ಚರ್ಯಪಡಬೇಡಿ; ಆ ಗೂಡನ್ನು ತೆಗೆಯದೆ ಓಡಿಸಿದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಮಿತಿಮೀರಿ ಕಾಯುತ್ತದೆ.

ಪಿಸ್ಟನ್ನೇ ಹಿಡಿದಿದ್ದರೆ, ನಾನು ಸಿಲಿಂಡರ್ ಹೆಡ್ ಬಿಚ್ಚುವ ಪಕ್ಷದವನು. ಆ ಕಾಲದ ಈ ಎಂಜಿನ್ನುಗಳಲ್ಲಿ ಹೆಚ್ಚಿನವುಗಳ ವಾಲ್ವುಗಳು ಬ್ಲಾಕಿನಲ್ಲೇ ಇರುತ್ತವೆ, ಹೆಡ್ ಎಂಬುದು ಬರಿಯ ಮುಚ್ಚಳ. ಅದನ್ನು ತೆಗೆದರೆ ಪಿಸ್ಟನ್, ವಾಲ್ವು, ಸಿಲಿಂಡರ್ ಗೋಡೆ ಮೂರೂ ಕಣ್ಣೆದುರಿಗೆ ಬರುತ್ತವೆ. ಪಿಸ್ಟನ್ನಿನ ಮೇಲ್ಭಾಗದ ಗೋಡೆಯಲ್ಲಿ ಕಂದು ಬಣ್ಣದ ಉಂಗುರದಂತೆ ಕೂತಿರುವ ತುಕ್ಕನ್ನು ನುಣುಪಾದ ಎಮರಿ ಕಾಗದದಿಂದ ಉಜ್ಜಿ, ಪುಡಿಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆಯಿರಿ. ಅನಂತರ ಪಿಸ್ಟನ್ ಅಂಚಿನ ಸುತ್ತ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ ಸಮಪಾಲು ಅಸಿಟೋನ್ ಬೆರೆಸಿ ಬಳಸುವವರೂ ಇದ್ದಾರೆ. ಅಸಿಟೋನ್ ಬಹುಬೇಗ ಹೊತ್ತಿಕೊಳ್ಳುವುದರಿಂದ ಕಿಡಿ, ಬೀಡಿ, ಬಲ್ಬು ಯಾವುದೂ ಹತ್ತಿರವಿರಬಾರದು. ದಿನಕ್ಕೊಮ್ಮೆ ಎಣ್ಣೆ ಹಾಕುತ್ತಾ, ಫ್ಲೈವೀಲಿನ ನಟ್ಟಿಗೆ ಸಾಕೆಟ್ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಒಂದು ಕೂದಲೆಳೆಯಷ್ಟು ಸರಿದರೂ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ತಾಳ್ಮೆಯ ಕೆಲಸ, ಅದಕ್ಕೆ ಒಂದು ವಾರವೂ ಬೇಕಾಗಬಹುದು. ಫ್ಲೈವೀಲಿನ ರೆಕ್ಕೆಗಳಿಗೆ ಸುತ್ತಿಗೆಯಿಂದ ಮಾತ್ರ ಹೊಡೆಯಬೇಡಿ, ಅವು ಬಿಸ್ಕತ್ತಿನಂತೆ ಮುರಿಯುತ್ತವೆ.

ಹೆಡ್ಡನ್ನು ಮತ್ತೆ ಕೂರಿಸುವ ಮೊದಲು ಅದು ಸಮತಟ್ಟಾಗಿದೆಯೇ ನೋಡಬೇಕು. ದಪ್ಪ ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ, ಒಂದೆರಡು ಹನಿ ಎಣ್ಣೆ ಬಿಟ್ಟು, ಹೆಡ್ಡನ್ನು ಬೋರಲು ಹಾಕಿ ಎಂಟರ ಆಕಾರದಲ್ಲಿ ಉಜ್ಜಿ. ನಾಲ್ಕಾರು ಸುತ್ತಿನ ಬಳಿಕ ತಿರುಗಿಸಿದರೆ ಉಬ್ಬಿದ ಜಾಗ ಬೆಳ್ಳಗೆ ಹೊಳೆಯುತ್ತದೆ, ತಗ್ಗಿದ ಜಾಗ ಕಪ್ಪಾಗಿಯೇ ಉಳಿಯುತ್ತದೆ. ಎಲ್ಲೆಡೆ ಒಂದೇ ಬಣ್ಣ ಬರುವವರೆಗೆ ಉಜ್ಜಿ, ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಹಂತಹಂತವಾಗಿ ಬಿಗಿಯಿರಿ.

ಪ್ರಶ್ನೆ: ಎಂಜಿನ್ ತಿರುಗುತ್ತಿದೆ, ಆದರೆ ಕಂಪ್ರೆಶನ್ ಗೇಜಿನಲ್ಲಿ ಅಳತೆ ತೀರಾ ಕಡಿಮೆ ತೋರಿಸುತ್ತಿದೆ. ಬೋರ್ ಮಾಡಿಸಿ ಪಿಸ್ಟನ್ ಸುತ್ತಲಿನ ರಿಂಗ್ ಬದಲಿಸಲೇಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ.

ಉತ್ತರ: ಸ್ವಲ್ಪ ತಡೆಯಿರಿ. ಇಂಥ ಹಲವು ಎಂಜಿನ್ನುಗಳ ಕ್ಯಾಮ್‌ಶಾಫ್ಟಿನಲ್ಲಿ (ವಾಲ್ವುಗಳನ್ನು ಎತ್ತಿ ಇಳಿಸುವ ದಂಡ) ಒಂದು ಪುಟ್ಟ ಏರ್ಪಾಡು ಇರುತ್ತದೆ: ಸ್ಟಾರ್ಟ್ ಮಾಡುವಾಗಿನ ನಿಧಾನ ವೇಗದಲ್ಲಿ ಅದು ಎಕ್ಸಾಸ್ಟ್ ವಾಲ್ವನ್ನು ತುಸು ಎತ್ತಿ ಹಿಡಿದು ಒತ್ತಡವನ್ನು ಹೊರಗೆ ಬಿಡುತ್ತದೆ, ವೇಗ ಹೆಚ್ಚಿದ ಮೇಲೆ ತಾನಾಗಿಯೇ ಹಿಂದೆ ಸರಿಯುತ್ತದೆ. ಹೀಗಾಗಿ ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ಗೇಜು ಕಡಿಮೆ ಅಳತೆಯನ್ನೇ ತೋರಿಸುತ್ತದೆ. ಇಲ್ಲಿ ನಂಬಬೇಕಾದದ್ದು ಸೋರಿಕೆ ಪರೀಕ್ಷೆಯನ್ನು. ಪಿಸ್ಟನ್ನನ್ನು ಕಂಪ್ರೆಶನ್ ಹಂತದ ತುತ್ತತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಭದ್ರವಾಗಿ ಹಿಡಿದು, ಪ್ಲಗ್ಗಿನ ರಂಧ್ರದ ಮೂಲಕ ಗಾಳಿ ತುಂಬಿ, ಅದು ಎಲ್ಲಿಂದ ಹೊರಬರುತ್ತಿದೆಯೆಂದು ಕಿವಿಗೊಟ್ಟು ಕೇಳಿ. ಕಾರ್ಬುರೇಟರಿನಿಂದ ಬುಸುಗುಟ್ಟಿದರೆ ಇನ್‌ಟೇಕ್ ವಾಲ್ವು, ಸೈಲೆನ್ಸರಿನಿಂದಾದರೆ ಎಕ್ಸಾಸ್ಟ್ ವಾಲ್ವು, ಎಣ್ಣೆ ಅಳೆಯುವ ಕಡ್ಡಿಯ ರಂಧ್ರದಿಂದಾದರೆ ರಿಂಗುಗಳು ಸೋರುತ್ತಿವೆ ಎಂದರ್ಥ. ಕೊನೆಯದರಲ್ಲಿ ಜೋರಾದ ಸದ್ದು ಬಂದರೆ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ವಾಲ್ವು ಸೋರುತ್ತಿದ್ದರೆ ಅದನ್ನು ಪೇಸ್ಟ್ ಹಚ್ಚಿ ಸೀಟಿನ ಮೇಲೆ ಮಸೆದು, ಟ್ಯಾಪೆಟ್ ಅಂತರವನ್ನು (ವಾಲ್ವಿಗೂ ಅದನ್ನು ಎತ್ತುವ ಭಾಗಕ್ಕೂ ನಡುವಿನ ಸಂದು) ಎಂಜಿನ್ ತಣ್ಣಗಿರುವಾಗ ಸರಿಪಡಿಸಿದರೆ ಅನೇಕ ವೇಳೆ ಅಷ್ಟೇ ಸಾಕಾಗುತ್ತದೆ.

ಪ್ರಶ್ನೆ: ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಕಾರ್ಬುರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು.

ಉತ್ತರ: ಮೂರನೆಯ ಸಲ ಬಿಚ್ಚಬೇಡಿ. ಮುಂದಿನ ಬಾರಿ ನಿಂತ ಕೂಡಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಿ. ‘ಉಸ್’ ಎಂದು ಗಾಳಿ ಒಳಗೆ ಎಳೆದುಕೊಂಡು, ಅನಂತರ ಎಂಜಿನ್ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದೇ ತಿಳಿಯಿರಿ. ಪೆಟ್ರೋಲ್ ಖಾಲಿಯಾದಷ್ಟು ಗಾಳಿ ಒಳಗೆ ಬಾರದೆ ಹರಿವು ನಿಂತಿರುತ್ತದೆ. ಹಾಗಾಗದಿದ್ದರೆ, ಎಂಜಿನ್ ಬಿಸಿಯಾಗಿರುವಾಗಲೇ ಸ್ಪಾರ್ಕ್ ಟೆಸ್ಟರ್ ಹಾಕಿ ಕಿಡಿ ನೋಡಿ. ಇಗ್ನಿಶನ್ ಕಾಯಿಲಿನ ಒಳಗಿನ ಸುತ್ತು ಹಳತಾಗಿದ್ದರೆ, ಅಥವಾ ಕಂಡೆನ್ಸರ್ ಕೆಟ್ಟಿದ್ದರೆ, ತಣ್ಣಗಿರುವಾಗ ಸರಿಯಾಗಿದ್ದ ಕಿಡಿ ಬಿಸಿಯಾದಾಗ ಮಾಯವಾಗುತ್ತದೆ. ತಣಿದ ಮೇಲೆ ಪರೀಕ್ಷಿಸಿದರೆ ತಪ್ಪು ಕಾಣಿಸುವುದೇ ಇಲ್ಲ. ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಪಾಯಿಂಟುಗಳ ಮೇಲೆ ಕರಿ ಕಟ್ಟಿದ್ದರೆ ಒರೆಸಿ, ಅವುಗಳ ಅಂತರವನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿ) ಹೊಂದಿಸಿ. ಕೊಹ್ಲರ್ ಕೆ ಸರಣಿಯಲ್ಲಿ ಅದು 0.020 ಇಂಚು, ಅಂದರೆ ಸುಮಾರು ಅರ್ಧ ಮಿಲಿಮೀಟರ್.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿಗೆ ಉಕ್ಕಿನ ತಂತಿ ತೂರಿಸಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಹಿತ್ತಾಳೆಯ ಆ ಸಣ್ಣ ರಂಧ್ರ ಸ್ವಲ್ಪ ಹಿಗ್ಗಿದರೂ ಮಿಶ್ರಣ ಕೆಡುತ್ತದೆ. ನೈಲಾನ್ ಎಳೆ ಮತ್ತು ಗಾಳಿಯಿಂದಷ್ಟೇ ಶುಚಿಮಾಡಿ. ಎಥನಾಲ್ ಶೇ. 10ಕ್ಕಿಂತ ಹೆಚ್ಚಿರುವ ಪೆಟ್ರೋಲನ್ನು ಈ ಎಂಜಿನ್ನುಗಳಿಗೆ ಹಾಕಬಾರದು. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಭಾಗಗಳನ್ನೂ ಕೆಡಿಸುತ್ತದೆ.

ಪ್ರಶ್ನೆ: ತಗಡಿನ ಭಾಗಗಳಿಗೆಲ್ಲ ತುಕ್ಕು ಹಿಡಿದಿದೆ. ಗ್ರೈಂಡರಿನಿಂದ ಉಜ್ಜಿ ಹೊಸ ಬಣ್ಣ ಹೊಡೆಯಬಹುದೇ?

ಉತ್ತರ: ಒಣಗಿದ ಹಳೆಯ ಬಣ್ಣವನ್ನು ಗ್ರೈಂಡರಿನಿಂದ ಉಜ್ಜಬೇಡಿ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ನೀರು ಹಾಕಿ ಉಜ್ಜಿ, ಸೂಕ್ತ ಮುಖವಾಡ ಧರಿಸಿ, ಮಕ್ಕಳನ್ನು ದೂರವಿಡಿ. ಇದೇ ಎಚ್ಚರಿಕೆ ಕ್ಲಚ್ ಮತ್ತು ಬ್ರೇಕಿನ ಹಳೆಯ ಲೈನಿಂಗುಗಳಿಗೂ ಬೇಕು. ಅವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಗಾಳಿ ಹೊಡೆದು ಧೂಳು ಹಾರಿಸುವುದು ಸಲ್ಲದು.

ತುಕ್ಕಿಗೆ ನನ್ನ ಮೆಚ್ಚಿನ ಉಪಾಯ ವಿದ್ಯುತ್ತಿನದು. ಪ್ಲಾಸ್ಟಿಕ್ ತೊಟ್ಟಿಯಲ್ಲಿ ನೀರು ತುಂಬಿ, ಲೀಟರಿಗೆ ಒಂದು ಚಮಚದಂತೆ ಬಟ್ಟೆಸೋಡಾ ಕರಗಿಸಿ. ತುಕ್ಕು ಹಿಡಿದ ಭಾಗವನ್ನು 12 ವೋಲ್ಟಿನ ಚಾರ್ಜರಿನ ಋಣ ತುದಿಗೂ, ಬೇಡವಾದ ಕಬ್ಬಿಣದ ಸಲಾಕೆಯೊಂದನ್ನು ಧನ ತುದಿಗೂ ಜೋಡಿಸಿ, ಎರಡೂ ಒಂದಕ್ಕೊಂದು ತಗಲದಂತೆ ನೀರಿನಲ್ಲಿ ಇಳಿಬಿಟ್ಟ ಮೇಲೆಯೇ ಚಾರ್ಜರಿನ ಸ್ವಿಚ್ ಹಾಕಿ. ಭಾಗದ ಮೈಯಿಂದ ಸೋಡಾ ಬಾಟಲಿಯಲ್ಲಿ ಏಳುವಂಥ ಸಣ್ಣ ಗುಳ್ಳೆಗಳು ಎದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಮರುದಿನ ತೆಗೆದಾಗ ತುಕ್ಕು ಕಪ್ಪು ಮಡ್ಡಿಯಾಗಿ ಬ್ರಷ್ಷಿಗೇ ಬಿಟ್ಟುಬರುತ್ತದೆ, ಕೆಳಗಿನ ಒಳ್ಳೆಯ ಲೋಹಕ್ಕೆ ಏನೂ ಆಗಿರುವುದಿಲ್ಲ. ಆ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಿನಲ್ಲೇ ಮಾಡಿ, ಕಿಡಿ ಬೀಳದಂತೆ ನೋಡಿಕೊಳ್ಳಿ. ಸಲಾಕೆಯ ಬದಲು ಸ್ಟೇನ್‌ಲೆಸ್ ಉಕ್ಕನ್ನು ಎಂದೂ ಬಳಸಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಈ ವಿಧಾನ ಆಗದು. ತೊಳೆದು ಒರೆಸಿದ ತಗಡಿಗೆ ನೋಡನೋಡುತ್ತಿದ್ದಂತೆ ಹೊಸ ತುಕ್ಕು ಕೂರುವುದರಿಂದ, ಒಣಗಿಸಿದ ಕೂಡಲೇ ಪ್ರೈಮರ್ ಹೊಡೆಯಬೇಕು.

ಆದರೆ ಮೂಲ ಬಣ್ಣ, ಕಂಪನಿಯ ಅಕ್ಷರಗಳು ಒಂದಿಷ್ಟಾದರೂ ಉಳಿದಿದ್ದರೆ ಅವುಗಳನ್ನು ಅಳಿಸದಿರಿ ಎಂಬುದು ನನ್ನ ಕೋರಿಕೆ. ಆ ಬಣ್ಣವನ್ನು ಒಮ್ಮೆ ಕಳೆದುಕೊಂಡರೆ ಯಾರೂ ಮರಳಿ ತರಲಾರರು.

ಪ್ರಶ್ನೆ: ಸೀಟಿನಿಂದ ಎದ್ದ ಕೂಡಲೇ ಎಂಜಿನ್ ನಿಲ್ಲಿಸುವ ಸ್ವಿಚ್ ಕೆಟ್ಟಿದೆ. ತಂತಿಗಳನ್ನು ನೇರವಾಗಿ ಜೋಡಿಸಿಬಿಡಲೇ?

ಉತ್ತರ: ಬೇಡ. ಸ್ವಿಚ್ ಬದಲಿಸಿ. ಬ್ಲೇಡ್ ಹತ್ತಿರ ಕೈ ಹಾಕುವ ಮೊದಲು ಪ್ರತಿ ಸಲವೂ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ ದೂರ ಸರಿಸಿಡಿ. ಕೀಲಿ ತೆಗೆದಿದ್ದರೂ, ಬ್ಲೇಡನ್ನು ಕೈಯಲ್ಲಿ ತಿರುಗಿಸಿದಾಗ ಎಂಜಿನ್ ಹೊತ್ತಿಕೊಳ್ಳುವ ಅಪಾಯ ಇದ್ದೇ ಇರುತ್ತದೆ.

ಪ್ರಶ್ನೆ: ದುರಸ್ತಿಯಾಗಿ ಓಡುತ್ತಿರುವ ಯಂತ್ರವನ್ನು ಹಾಗೆಯೇ ಉಳಿಸಿಕೊಳ್ಳುವುದು ಹೇಗೆ? ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಬಳಸುತ್ತೇವೆ.

ಉತ್ತರ: ಎಲ್ಲಕ್ಕಿಂತ ಮೊದಲು ಎಣ್ಣೆ. ಈ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಎಣ್ಣೆಯ ಪಂಪೂ ಇಲ್ಲ, ಫಿಲ್ಟರೂ ಇಲ್ಲ. ಕನೆಕ್ಟಿಂಗ್ ರಾಡಿನ ಕೆಳಗಿನ ನಾಲಿಗೆಯೊಂದು ಎಣ್ಣೆಯನ್ನು ಚಿಮುಕಿಸುವುದರಿಂದಲೇ ಎಲ್ಲ ಭಾಗಗಳೂ ತೇವವಾಗಿರಬೇಕು. ಎಣ್ಣೆಯ ಮಟ್ಟ ಇಳಿದರೆ, ಅಥವಾ ಕಡಿದಾದ ಇಳಿಜಾರಿನಲ್ಲಿ ಬಹಳ ಹೊತ್ತು ಓಡಿಸಿದರೆ, ಆ ನಾಲಿಗೆಗೆ ಎಣ್ಣೆ ಎಟುಕುವುದಿಲ್ಲ. ಹಾಗಾಗಿ ಪ್ರತಿ ಬಾರಿ ಸ್ಟಾರ್ಟ್ ಮಾಡುವ ಮೊದಲು ಮಟ್ಟ ನೋಡಿ, 25 ಗಂಟೆಗಳ ಓಟಕ್ಕೊಮ್ಮೆ ಎಂಜಿನ್ ಬಿಸಿಯಿರುವಾಗಲೇ ಹಳೆಯ ಎಣ್ಣೆ ಇಳಿಸಿ. ಕೊರೆಯುವ ಚಳಿ ಇಲ್ಲದ ಕಾಲಕ್ಕೆ ಎಸ್‌ಎಇ 30 ದರ್ಜೆಯ ಎಣ್ಣೆ ಹೊಂದುತ್ತದೆ. ಸೀಲುಗಳಿಂದ ಎಣ್ಣೆ ಜಿನುಗುತ್ತಿದ್ದರೆ ಸೀಲನ್ನು ದೂರುವ ಮೊದಲು, ಎಂಜಿನ್ನಿನ ಒಳಗಿನ ಒತ್ತಡವನ್ನು ಹೊರಬಿಡುವ ಬ್ರೀದರ್ ಬಿಚ್ಚಿ ನೋಡಿ. ಅದು ಕಟ್ಟಿಕೊಂಡಾಗ ಒಳಗಿನ ಒತ್ತಡವೇ ಎಣ್ಣೆಯನ್ನು ಹೊರದೂಡುತ್ತದೆ. ಗೇರ್‌ಬಾಕ್ಸಿನ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ, ಪೂರ್ತಿ ಬದಲಿಸಬೇಕು. ಮುಂಗಾಲಿಗಳಿಗೂ ಸ್ಟಿಯರಿಂಗಿಗೂ ಗ್ರೀಸ್ ಹಾಕುವಾಗ ಹಳೆಯ ಕರಿ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಒತ್ತಿ.

ಕೆಲಸದ ಕಾಲ ಮುಗಿದ ಮೇಲೆ ಟ್ಯಾಂಕಿನ ಪೆಟ್ರೋಲನ್ನು ಇಳಿಸಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬ್ಯಾಟರಿ ಬಿಚ್ಚಿ, ತುಂಬ ಚಾರ್ಜ್ ಮಾಡಿ, 12.6 ವೋಲ್ಟಿನ ಆಸುಪಾಸಿನಲ್ಲಿ ಉಳಿಯುವಂತೆ ಆಗಾಗ ನೋಡಿಕೊಳ್ಳಿ. ಪ್ಲಗ್ ತೆಗೆದು ಒಂದು ಚಮಚ ಎಂಜಿನ್ ಎಣ್ಣೆ ಹಾಕಿ, ಫ್ಲೈವೀಲನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ, ಪ್ಲಗ್ ಮರಳಿ ಹಾಕಿದ ಮೇಲೆ ಕಂಪ್ರೆಶನ್ನಿನ ಬಿಗಿ ಕೈಗೆ ಸಿಕ್ಕ ಜಾಗದಲ್ಲಿ ನಿಲ್ಲಿಸಿ. ಆಗ ಎರಡೂ ವಾಲ್ವುಗಳು ಮುಚ್ಚಿರುವುದರಿಂದ ತೇವದ ಗಾಳಿ ಸಿಲಿಂಡರಿಗೆ ಹೋಗುವುದಿಲ್ಲ. ಫ್ಲೈವೀಲಿನ ಮುಂದಿನ ಗಾಳಿಬಾಯಿಗೆ ಮತ್ತು ಸೈಲೆನ್ಸರಿನ ತುದಿಗೆ ಇಲಿ ನುಗ್ಗದಂಥ ಸಣ್ಣ ಕಣ್ಣಿನ ತಂತಿಬಲೆ ಕಟ್ಟಿ, ಅದನ್ನು ಬಿಚ್ಚಲು ಮರೆಯದಂತೆ ಕೀಲಿಗೆ ಒಂದು ಚೀಟಿ ತೂಗುಹಾಕಿಡಿ.