ನೆಡುತೋಪಿನ ಸಾಗುವಾನಿ ಬೆಲೆಗೆ ಬಂದರೂ ಅರಣ್ಯ ಇಲಾಖೆ ಒಟ್ಟಿಗೆ ಯಾಕೆ ಕಡಿಯುವುದಿಲ್ಲ?

ಇಲಾಖೆಗೂ ತನ್ನಿಷ್ಟಕ್ಕೆ ಕಡಿಯುವ ಹಾಗಿಲ್ಲ, ಅದಕ್ಕೆ. ಯಾವ ತೋಪು, ಯಾವ ವರ್ಷ, ಎಷ್ಟು ಎಂಬುದೆಲ್ಲ ಮೊದಲೇ ಕಾರ್ಯಯೋಜನೆಯಲ್ಲಿ ಬರೆದಿರಬೇಕು. ಇದನ್ನು ಸಾಮಾನ್ಯವಾಗಿ 10 ವರ್ಷಕ್ಕೆ ತಯಾರಿಸುತ್ತಾರೆ, ಕೇಂದ್ರ ಸರ್ಕಾರ ಒಪ್ಪಬೇಕು. ಒಪ್ಪಿಗೆಯಿಲ್ಲದೆ ಕಾಡಿನಲ್ಲಿ ಕಡಿಯಬಾರದು ಎಂದು ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರಂದು ಹೇಳಿತು, ಗೋದವರ್ಮನ್ ಪ್ರಕರಣದಲ್ಲಿ. ಆ ಪ್ರಕರಣ ಶುರುವಾದದ್ದು ತಮಿಳುನಾಡಿನ ನೀಲಗಿರಿ ಜಿಲ್ಲೆಯ ಗೂಡಲೂರಿನ ಕಾಡಿನ ವಿಷಯಕ್ಕೆ.

ವರ್ಷಕ್ಕೆ ಎಷ್ಟು ಕಡಿಯಬಹುದು ಎಂಬ ಲೆಕ್ಕ ಮಾತ್ರ ಸರಳ. ನಮ್ಮ ಕಾಸರಗೋಡಿನವರಿಗೆ ಸುರಂಗದ ನೀರು, ಅಂದರೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಿಲದಿಂದ ಒಸರುವ ನೀರು, ಗೊತ್ತಲ್ವಾ? ದಿನಕ್ಕೆ ಒಸರಿ ಬಂದಷ್ಟನ್ನೇ ತೋಟಕ್ಕೆ ಬಿಟ್ಟರೆ ಅದು ತುಂಬುವ ಮದಕ (ಸಣ್ಣ ಕೆರೆ) ಬತ್ತುವುದಿಲ್ಲ, ಜಾಸ್ತಿ ಬಿಟ್ಟರೆ ಬೇಸಿಗೆಯಲ್ಲಿ ಅಡಿಕೆ ಮರ ಒಣಗುತ್ತದೆ. ಕಾಡಿಗೂ ಹಾಗೆಯೇ. ಒಂದು ಕಡೆ 600 ಹೆಕ್ಟೇರ್ ಸಾಗುವಾನಿ ಇದೆ, ಮರ ಬಲಿಯಲು 60 ವರ್ಷ ಬೇಕು ಅಂತಿಟ್ಟುಕೊಳ್ಳಿ. ವರ್ಷಕ್ಕೆ 10 ಹೆಕ್ಟೇರ್ ಕಡಿದು ಅಲ್ಲೇ ಹೊಸ ಗಿಡ ನೆಟ್ಟರೆ, ಕೊನೆಯ ತೋಪು ಮುಗಿಯುವಾಗ ಮೊದಲು ನೆಟ್ಟದ್ದು ಬಲಿತಿರುತ್ತದೆ. ಒಟ್ಟಿಗೆ ಕಡಿದರೆ ಮುಂದಿನ 60 ವರ್ಷ ಮರವಿಲ್ಲ, ಮಳೆಗೆ ನಮ್ಮ ಇಳಿಜಾರು ಗುಡ್ಡದ ಮಣ್ಣೆಲ್ಲ ಹೊಳೆಗೆ.

ಇದು ನೆಟ್ಟು ಬೆಳೆಸಿದ ತೋಪಿನ ಮಾತು. ಸಹಜ ಕಾಡಿನ ಮರ ಕಡಿದು ಮಾರುವುದನ್ನು ಕೇರಳ 1980ರ ದಶಕದಲ್ಲೇ ನಿಲ್ಲಿಸಿದೆ, ನನಗೆ ಅದು ತುಂಬ ಒಳ್ಳೆಯ ನಿರ್ಧಾರ ಅನಿಸುತ್ತದೆ. ನಿಮ್ಮ ಹಿತ್ತಲಿನ ಮರಕ್ಕೆ ಬೇರೆ ಕಾನೂನಿದೆ, ಸುಮ್ನೆ ಇದರ ಜೊತೆ ಬೆರೆಸಬೇಡಿ.